ರೇಚರ್ಲ ಎಂಬ ಮನೆತನದ ಹೆಸರು ಯಾರದು?

ತೆಲಂಗಾಣದ ಮುಲುಗು ಜಿಲ್ಲೆಯ ಪಾಲಂಪೇಟೆಯಲ್ಲಿರುವ ರುದ್ರೇಶ್ವರ ದೇವಾಲಯವನ್ನು, ಎಂದರೆ ಜನರು ರಾಮಪ್ಪ ಗುಡಿ ಎಂದು ಕರೆಯುವ ಕಟ್ಟಡವನ್ನು, ಯುನೆಸ್ಕೊ 2021ರ ಜುಲೈ 25ರಂದು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ರಾಮಪ್ಪ ಎಂಬುದು ಶಿಲ್ಪಿಯ ಹೆಸರೆಂದು ಪ್ರತೀತಿ. ಕಟ್ಟಿಸಿದವನ ವಿಷಯದಲ್ಲಿ ಪ್ರತೀತಿಯ ಆಸರೆ ಬೇಕಿಲ್ಲ. ಕಾಕತೀಯ ಅರಸ ಗಣಪತಿದೇವನ ಸೇನಾನಿ ರೇಚರ್ಲ ರುದ್ರನು 1213ರಲ್ಲಿ ಕಟ್ಟಿಸಿದನೆಂದು ಅಲ್ಲಿಯ ಸಂಸ್ಕೃತ ಶಾಸನವೇ ಹೇಳುತ್ತದೆ. ದೇವಗಿರಿಯ ಯಾದವರೊಡನೆ ನಡೆದ ಯುದ್ಧದಲ್ಲಿ ಗಣಪತಿದೇವ ಸೆರೆಯಾಗಿ, ಓರುಗಲ್ಲಿನ, ಎಂದರೆ ಇಂದಿನ ವಾರಂಗಲ್ಲಿನ, ಸಿಂಹಾಸನಕ್ಕೆ ದಿಕ್ಕಿಲ್ಲದಂತಾಗಿದ್ದಾಗ ರಾಜ್ಯ ಒಡೆದು ಹೋಗದಂತೆ ಹಿಡಿದು ನಿಲ್ಲಿಸಿದವನು ಈ ರುದ್ರ.

ಅವನ ಹೆಸರಿನ ಮೊದಲ ಪದ ಇಂದು ಎರಡು ಜಾತಿಗಳ ಇತಿಹಾಸದಲ್ಲಿ ಕಾಣಿಸುತ್ತದೆ. ರುದ್ರನ ಬಳಗದವರೇ ಆದ ಪಿಲ್ಲಲಮರ್ರಿಯ ನಾಮಿರೆಡ್ಡಿ, ಬೇತಿರೆಡ್ಡಿ ಮೊದಲಾದವರ ಹೆಸರಿನ ಕೊನೆಯಲ್ಲಿ ‘ರೆಡ್ಡಿ’ ಇರುವುದರಿಂದ ಇವರನ್ನು ಇತಿಹಾಸಕಾರರು ‘ರೇಚರ್ಲ ರೆಡ್ಡಿಗಳು’ ಎಂದು ಕರೆದರು. ನೂರೈವತ್ತು ವರ್ಷಗಳ ನಂತರ ರಾಚಕೊಂಡ, ದೇವರಕೊಂಡಗಳಿಂದ ಆಳಿದ ಪದ್ಮನಾಯಕರು ತಮ್ಮದು ರೇಚರ್ಲ ವಂಶ ಎಂದರು, ಅವರು ವೆಲಮರು. ವೆಂಕಟಗಿರಿ, ಬೊಬ್ಬಿಲಿಗಳ ವೆಲಮ ರಾಜಮನೆತನಗಳು ಈಗಲೂ ರೇಚರ್ಲವನ್ನು ತಮ್ಮ ಗೋತ್ರವೆಂದು ಹೇಳಿಕೊಳ್ಳುತ್ತವೆ. ಹಾಗಾದರೆ ರುದ್ರನು ರೆಡ್ಡಿಯೋ ವೆಲಮನೋ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯೇ ರುದ್ರನ ಕಾಲಕ್ಕೆ ಸಲ್ಲುವುದಿಲ್ಲ. ಅದು ನಮ್ಮ ಕಾಲದ ಪ್ರಶ್ನೆ. ಏಕೆ ಸಲ್ಲುವುದಿಲ್ಲ ಎಂಬುದನ್ನು ಆ ಹೆಸರೇ ವಿವರಿಸುತ್ತದೆ.

ಇದನ್ನು ಹಳೆಯ ಕಾಲದ ಚರ್ಚೆ ಎಂದು ಬದಿಗಿಡುವಂತಿಲ್ಲ. ತೆಲಂಗಾಣ ಸರ್ಕಾರ 2024ರ ನವೆಂಬರ್‌ನಲ್ಲಿ ಮನೆಮನೆಯ ಜಾತಿ ಸಮೀಕ್ಷೆ ಆರಂಭಿಸಿತು. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಪ್ರಕಟಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಮೀಕ್ಷೆಯೂ ಶುರುವಾಯಿತು. ಇಂಥ ಎಣಿಕೆಯಲ್ಲಿ ಮನೆತನದ ಹೆಸರು ಎಷ್ಟು ತೊಡಕು ತಂದೀತು ಎಂಬುದಕ್ಕೆ ಒಂದು ಲೆಕ್ಕ ಕಣ್ಣ ಮುಂದಿದೆ. 1931ರ ಜನಗಣತಿಯಲ್ಲಿ ದಾಖಲಾದ ಜಾತಿಗಳು 4,147. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಜನರು ಬರೆಸಿದ ಜಾತಿ ಹೆಸರುಗಳು 46 ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಸರ್ಕಾರ 2021ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಎಂಬತ್ತು ವರ್ಷಗಳಲ್ಲಿ ದೇಶದಲ್ಲಿ ಲಕ್ಷಾಂತರ ಹೊಸ ಜಾತಿಗಳು ಹುಟ್ಟಿರಲಿಲ್ಲ. ಜಾತಿ ಯಾವುದು ಎಂದು ಕೇಳಿದಾಗ ಹಲವರು ತಮ್ಮ ಗೋತ್ರವನ್ನೋ, ಕುಲವನ್ನೋ, ಮನೆತನದ ಹೆಸರನ್ನೋ ಬರೆಸಿದ್ದರು. ಆ ಪಟ್ಟಿಯನ್ನು ಬಳಸಲಾಗದಂತೆ ಮಾಡಿದ ಕಾರಣಗಳಲ್ಲಿ ಇದೂ ಒಂದು.

ಮೊದಲು ಪದವನ್ನೇ ನೋಡೋಣ. ತೆಲುಗರು ಮನೆತನದ ಹೆಸರನ್ನು ‘ಇಂಟಿಪೇರು’ ಎನ್ನುತ್ತಾರೆ. ಅದು ವ್ಯಕ್ತಿಯ ಹೆಸರಿನ ಮುಂದೆ ಬರುತ್ತದೆ. ಬಹುಪಾಲು ಇಂಟಿಪೇರುಗಳು ಊರ ಹೆಸರುಗಳೇ. ರೇಚರ್ಲದಲ್ಲಿರುವ ‘ಚರ್ಲ’ ಅಥವಾ ‘ಚೆರ್ಲ’ ಎಂಬ ಭಾಗ ಪಲ್ನಾಡಿನ ಮಾಚರ್ಲದಲ್ಲಿಯೂ ಇದೆ. ಅದು ‘ಚೆರುವು’ ಎಂಬುದರ ರೂಪಾಂತರ. ಕನ್ನಡದ ಓದುಗರಿಗೆ ಇದರ ಕೀಲಿ ಕೈಯಲ್ಲೇ ಇದೆ. ನಮ್ಮ ಕೆಲವು ಪದಗಳ ಮೊದಲಲ್ಲಿರುವ ಕಕಾರ ತೆಲುಗಿನಲ್ಲಿ ಚಕಾರವಾಗುತ್ತದೆ: ಕಿವಿ ಅಲ್ಲಿ ಚೆವಿ, ಕೆಡು ಅಲ್ಲಿ ಚೆಡು, ಕಿರು ಅಲ್ಲಿ ಚಿರು, ಕೆರೆ ಅಲ್ಲಿ ಚೆರುವು. ತರೀಕೆರೆ, ಹೊಳಲ್ಕೆರೆ, ಅರಸೀಕೆರೆಗಳು ನಮಗೆ ಹೇಗೋ ಮಾಚರ್ಲ, ರೇಚರ್ಲಗಳು ಅವರಿಗೆ ಹಾಗೆ. ಆದ್ದರಿಂದ ಭಾಷೆಯ ದೃಷ್ಟಿಯಿಂದ ಸಹಜವಾದ ಓದು ‘ರೇಚನ ಕೆರೆ’ ಎಂಬುದು. ಕಾಕತೀಯರ ಕಾಲದಲ್ಲಿ ಕೆರೆ ಕಟ್ಟಿಸುವುದು ದೇವಾಲಯ ಕಟ್ಟಿಸುವುದಕ್ಕೆ ಸರಿಸಮನಾದ ಪುಣ್ಯಕಾರ್ಯವಾಗಿತ್ತು. ರೇಚರ್ಲ ರುದ್ರನ ಗುಡಿಯ ಪಕ್ಕದಲ್ಲಿಯೂ ಒಂದು ದೊಡ್ಡ ಕೆರೆ ಇದೆ, ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ.

ರೇಚ ಎಂಬ ಹೆಸರು ಕನ್ನಡ ನಾಡಿಗೂ ಹೊಸದಲ್ಲ. ಕಲಚುರಿಗಳ ಸೇವೆಯಲ್ಲಿದ್ದು ಮುಂದೆ ಹೊಯ್ಸಳ ವೀರಬಲ್ಲಾಳನ ಆಶ್ರಯಕ್ಕೆ ಬಂದ ರೇಚರಸನು ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ್ದು 1220ರಲ್ಲಿ, ಎಂದರೆ ಪಾಲಂಪೇಟೆಯ ಗುಡಿಯಾದ ಏಳೇ ವರ್ಷಕ್ಕೆ. ಇಬ್ಬರಿಗೂ ನಂಟಿತ್ತೆಂದು ಇದರ ಅರ್ಥವಲ್ಲ. ರೇಚ, ಬೇತ, ಮಾಚ, ನಾಮಿ ಮೊದಲಾದ ಹೆಸರುಗಳು ಆ ಶತಮಾನಗಳಲ್ಲಿ ದಖನ್ನಿನ ಉದ್ದಗಲಕ್ಕೂ ಚಾಲ್ತಿಯಲ್ಲಿದ್ದವು. ಭಾಷೆಯ ಗಡಿಯಾಗಲಿ ಜಾತಿಯ ಗಡಿಯಾಗಲಿ ಅವನ್ನು ತಡೆಯಲಿಲ್ಲ. ಕಾಕತೀಯರು ಸ್ವತಃ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಬೆಳೆದವರು, ಅವರ ಆರಂಭದ ಶಾಸನಗಳಲ್ಲಿ ಕನ್ನಡವಿದೆ. ರೇಚರ್ಲದವರು ಸೇವೆಗೆ ನಿಂತದ್ದು ಇಂಥ ಒಂದು ಆಸ್ಥಾನದಲ್ಲಿ.

ಇನ್ನು ‘ರೆಡ್ಡಿ’ ಎಂಬ ಕೊನೆಯ ಪದ. ಇದರ ಹಳೆಯ ರೂಪ ರಟ್ಟಗುಡಿ, ರಟ್ಟೋಡಿ. ಊರ ಮುಖ್ಯಸ್ಥ ಎಂದು ಅರ್ಥ. ನಮ್ಮ ರಾಷ್ಟ್ರಕೂಟರ ಹೆಸರಿನ ಹಿಂದೆಯೂ ಇದೇ ಬಗೆಯ ಅಧಿಕಾರಪದವಿದೆ. ನಾಯಕ ಎಂದರೆ ಪಡೆಯ ಮುಂದಾಳು. ಇವೆರಡೂ ಮೊದಲು ಹುದ್ದೆಗಳು, ಆಮೇಲೆ ಬಿರುದುಗಳು, ಬಹಳ ತಡವಾಗಿ ಜಾತಿಸೂಚಕಗಳು. ಗಾವುಂಡ ಎಂಬ ಹುದ್ದೆ ಗೌಡ ಆಗಿ, ಇಂದು ಒಕ್ಕಲಿಗರಲ್ಲಿಯೂ ಲಿಂಗಾಯತರಲ್ಲಿಯೂ ಬೇರೆ ಸಮುದಾಯಗಳಲ್ಲಿಯೂ ಇರುವುದನ್ನು ಬಲ್ಲ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳದಿಯ ಲಿಂಗಾಯತ ಅರಸರು ನಾಯಕರು, ಚಿತ್ರದುರ್ಗದ ಬೇಡ ಅರಸರೂ ನಾಯಕರು, ಮಧುರೆಯ ತೆಲುಗು ಅರಸರೂ ನಾಯಕರು. ಈ ಮೂವರನ್ನು ಬಿರುದಿನ ಬಲದಿಂದ ಒಂದೇ ಜಾತಿಗೆ ಸೇರಿಸುವ ಪ್ರಯತ್ನವನ್ನು ಯಾರೂ ಒಪ್ಪಲಾರರು. ತೆಲುಗು ನಾಡಿನ ಹದಿಮೂರನೆಯ ಶತಮಾನದ ಬಗ್ಗೆ ಮಾತ್ರ ಆ ಎಚ್ಚರಿಕೆಯನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಕಾಕತೀಯರ ಕಾಲದ ಶಾಸನಗಳಲ್ಲಿ ದಾನಿಗಳು ತಮ್ಮನ್ನು ಪರಿಚಯಿಸಿಕೊಳ್ಳುವ ಕ್ರಮವನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ತಂದೆ ತಾಯಿಯ ಹೆಸರು, ಊರು, ತಾನು ಸೇವಿಸುವ ಒಡೆಯ, ಗೆದ್ದ ಯುದ್ಧ, ಪಡೆದ ಬಿರುದು ಇವೆಲ್ಲ ವಿಸ್ತಾರವಾಗಿ ಬರುತ್ತವೆ. ಜಾತಿಯ ಹೆಸರು ಅಪರೂಪ. ಒಂದೇ ಮನೆಯಲ್ಲಿ ಒಬ್ಬ ರೆಡ್ಡಿ, ಇನ್ನೊಬ್ಬ ನಾಯಕ ಆಗಿರುವ ನಿದರ್ಶನಗಳೂ ಇವೆ. ಒಣಭೂಮಿಯಲ್ಲಿ ಕೆರೆ ಕಟ್ಟಿ ಹೊಸ ಊರು ನಿಲ್ಲಿಸಿ, ಪಡೆಯೊಂದಿಗೆ ದೊರೆಯ ಸೇವೆಗೆ ಹೋಗುವ ಒಕ್ಕಲು ಮಗನಿಗೆ ಆ ಕಾಲ ಬಾಗಿಲು ತೆರೆದಿತ್ತು. ಅಂಥವರು ಕ್ಷತ್ರಿಯರೆಂದು ಹೇಳಿಕೊಳ್ಳುವ ಅಗತ್ಯವೂ ಇರಲಿಲ್ಲ. ತಾವು ನಾಲ್ಕನೆಯ ವರ್ಣದವರು, ವಿಷ್ಣುವಿನ ಪಾದದಿಂದ ಹುಟ್ಟಿದವರು, ಅದೇ ಪಾದದಿಂದ ಹುಟ್ಟಿದ ಗಂಗೆಗೆ ಒಡಹುಟ್ಟಿದವರು ಎಂದು ಅವರು ತಲೆಯೆತ್ತಿ ಬರೆಸಿದರು. ರಾಚಕೊಂಡದ ಅರಸ ಸರ್ವಜ್ಞ ಸಿಂಗಭೂಪಾಲನು ತನ್ನ ಅಲಂಕಾರಶಾಸ್ತ್ರ ಗ್ರಂಥವಾದ ‘ರಸಾರ್ಣವಸುಧಾಕರ’ದ ಆರಂಭದಲ್ಲಿ ತನ್ನ ವಂಶವನ್ನು ಹೊಗಳುವಾಗ ಬಳಸಿದ್ದು ಈ ಮಾತನ್ನೇ. ಇದನ್ನು ಓದಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಸಂಸ್ಕೃತದಲ್ಲಿ ಶಾಸ್ತ್ರಗ್ರಂಥ ಬರೆಯಬಲ್ಲ ಒಬ್ಬ ದೊರೆ ತನ್ನ ಹುಟ್ಟನ್ನು ಮರೆಮಾಚದೆ, ಅದನ್ನೇ ಪಾವಿತ್ರ್ಯದ ಆಧಾರವಾಗಿ ನಿಲ್ಲಿಸಿದ್ದಾನೆ. ಇಂದು ಇದೇ ಮನೆತನಗಳಿಗೆ ಸೂರ್ಯವಂಶ ಚಂದ್ರವಂಶಗಳನ್ನು ಹುಡುಕಿ ಅಂಟಿಸಲು ಹೊರಟವರು ಆ ಪೀಠಿಕಾ ಶ್ಲೋಕಗಳನ್ನು ಒಮ್ಮೆ ಓದಬೇಕು.

ರುದ್ರನ ಬಳಗಕ್ಕೂ ಪದ್ಮನಾಯಕರಿಗೂ ನಡುವೆ ರಕ್ತಸಂಬಂಧವಿತ್ತೇ? ಎರಡು ಕಡೆಯವರ ಮೂಲನೆಲೆ ಒಂದೇ ಎಂಬುದು ಗಟ್ಟಿಯಾದ ಸುಳಿವು. ರೇಚರ್ಲ ರೆಡ್ಡಿಗಳ ಬಿರುದುಗಳಲ್ಲಿ ‘ಆಮನಗಂಟಿ ಪುರವರಾಧೀಶ್ವರ’ ಎಂಬುದು ಬರುತ್ತದೆ. ಪದ್ಮನಾಯಕರ ವಂಶಾವಳಿಯೂ ತನ್ನ ಮೂಲಪುರುಷನನ್ನು ಇರಿಸುವುದು ಇದೇ ಹಳೆಯ ನಲ್ಲಗೊಂಡ ಸೀಮೆಯ ಆಮನಗಲ್ಲಿನಲ್ಲಿ. ಆ ಮೂಲಪುರುಷನ ಹೆಸರು ಚೆವಿರೆಡ್ಡಿ. ವೆಲಮ ಅರಸರ ವಂಶಾವಳಿಯ ಮೊದಲ ಹೆಸರೇ ರೆಡ್ಡಿ ಎಂದು ಕೊನೆಗೊಳ್ಳುತ್ತದೆ, ಅವನ ವಂಶದವರು ನಾಯಕರಾಗುತ್ತಾರೆ. ಒಂದೇ ನೆಲದ ಒಕ್ಕಲು ಕುಟುಂಬಗಳು ಕಾಲಕ್ರಮದಲ್ಲಿ ಬೇರೆ ಬೇರೆ ಮದುವೆಯ ವಲಯಗಳನ್ನು ಕಟ್ಟಿಕೊಂಡು, ಒಂದು ವಲಯ ರೆಡ್ಡಿ ಎಂದೂ ಇನ್ನೊಂದು ವೆಲಮ ಎಂದೂ ಗಟ್ಟಿಯಾಯಿತು ಎಂದು ತಿಳಿಯುವುದೇ ಈ ಸಾಕ್ಷ್ಯಗಳಿಗೆ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ. ಹೆಸರು ಆ ಗಡಿಗಳಿಗಿಂತ ಹಳೆಯದು.

ಚೆವಿರೆಡ್ಡಿಯ ಕಥೆ ‘ವೆಲುಗೋಟಿವಾರಿ ವಂಶಾವಳಿ’ಯಲ್ಲಿದೆ. ಅವನು ಹೊಲ ಉಳುತ್ತಿದ್ದಾಗ ಮರದ ಕೆಳಗೆ ಹೂತಿಟ್ಟ ನಿಧಿ ಕಾಣುತ್ತದೆ. ಅದನ್ನು ಕಾಯುವ ಬೇತಾಳ ನರಬಲಿ ಕೇಳುತ್ತದೆ. ಆಗ ಅವನ ಆಳು, ಮಾಲ ಕುಲದ ರೇಚಡು, ತಾನೇ ಬಲಿಯಾಗಲು ಒಪ್ಪುತ್ತಾನೆ. ಆದರೆ ಎರಡು ಷರತ್ತು ಹಾಕುತ್ತಾನೆ: ಒಡೆಯನ ವಂಶದವರು ತನ್ನ ಹೆಸರನ್ನು ಗೋತ್ರವಾಗಿ ಧರಿಸಬೇಕು, ಆ ಮನೆಯಲ್ಲಿ ಮದುವೆ ನಡೆಯುವಾಗಲೆಲ್ಲ ಮೊದಲು ಒಂದು ಮಾಲ ಮದುವೆಯನ್ನು ನಡೆಸಿಕೊಡಬೇಕು. ಬಲಿ ನಡೆಯುತ್ತದೆ, ನಿಧಿ ಸಿಗುತ್ತದೆ, ಚೆವಿರೆಡ್ಡಿ ದೊರೆಯ ಕಣ್ಣಿಗೆ ಬಿದ್ದು ನಾಯಕನಾಗುತ್ತಾನೆ, ಬೇತಾಳ ಎಂಬ ಹೆಸರೂ ಅವನಿಗೆ ಸೇರುತ್ತದೆ.

ಇದು ಇತಿಹಾಸವಲ್ಲ, ಸ್ಥಳಪುರಾಣದ ಬಗೆಯ ಕಥೆ. ನಿಧಿ ಮತ್ತು ನರಬಲಿಯ ಇಂಥ ಆಶಯಗಳು ದಕ್ಷಿಣದ ಹಲವು ಮನೆತನಗಳ ಕಥೆಗಳಲ್ಲಿವೆ. ಕೆರೆಗೆ ಹಾರವಾದವಳ ಹಾಡು ಕೇಳಿ ಬೆಳೆದ ನಮಗೆ ಈ ಬಲಿಯ ತರ್ಕ ಅಪರಿಚಿತವಲ್ಲ. ಆದರೂ ಕಥೆ ಒಂದು ಸಾಮಾಜಿಕ ಸತ್ಯವನ್ನು ಹಿಡಿದಿಟ್ಟಿದೆ. ಯುದ್ಧ, ಅಧಿಕಾರ, ಕೋಟೆಗಳಿಂದ ಹೆಸರಾದ ಒಂದು ಮನೆತನ ತನ್ನ ಏಳಿಗೆಯ ಮೂಲದಲ್ಲಿ ಉಳುಮೆಯಿದೆ, ಭೂಮಿಯ ಒಳಗಿನಿಂದ ಬಂದ ಸಂಪತ್ತಿದೆ, ಆ ಸಂಪತ್ತಿಗಾಗಿ ಪ್ರಾಣ ಕೊಟ್ಟ ಕೆಳಜಾತಿಯ ಆಳಿದ್ದಾನೆ ಎಂದು ತಾನೇ ಒಪ್ಪಿಕೊಂಡಿದೆ. ಋಷಿಗಳ ಹೆಸರನ್ನು ಗೋತ್ರವಾಗಿ ಹೇಳುವ ಸಮಾಜದ ನಡುವೆ ಒಬ್ಬ ಅಸ್ಪೃಶ್ಯನ ಹೆಸರನ್ನು ಗೋತ್ರವೆಂದು ಹೇಳುವ ವಂಶಾವಳಿ ಸಣ್ಣ ಸಂಗತಿಯಲ್ಲ. ಇದರಲ್ಲಿ ಕೃತಜ್ಞತೆಯೂ ಇದೆ, ಋಣವನ್ನು ಹೆಸರಿನಲ್ಲೇ ತೀರಿಸಿ ನೆಲದಲ್ಲಿ ಪಾಲು ಕೊಡದ ಲೆಕ್ಕಾಚಾರವೂ ಇದೆ. ರೇಚಡು ಕೇಳಿದ್ದು ಹೆಸರು ಮತ್ತು ಮದುವೆ. ನಿಧಿಯಲ್ಲಿ ಭಾಗ ಕೇಳಿದಂತೆ ಕಥೆ ಹೇಳುವುದಿಲ್ಲ. ಕಥೆ ಕಟ್ಟಿದವರು ಯಾರ ಕಡೆಯವರು ಎಂಬುದು ಇಲ್ಲಿ ತಿಳಿಯುತ್ತದೆ.

ರಾಚಕೊಂಡದ ಆಳ್ವಿಕೆಯ ವಿವರವನ್ನು ಚಿಕ್ಕದಾಗಿ ಹೇಳಬಹುದು. 1323ರಲ್ಲಿ ಓರುಗಲ್ಲು ದೆಹಲಿಯ ಸೈನ್ಯದ ಕೈವಶವಾದ ಮೇಲೆ ತೆಲುಗು ನಾಡಿನಲ್ಲಿ ಹಲವು ನಾಯಕರು ತಮ್ಮ ತಮ್ಮ ಸೀಮೆಗಳಲ್ಲಿ ತಲೆಯೆತ್ತಿದರು. ಪದ್ಮನಾಯಕರಲ್ಲಿ ಅನಪೋತ ನಾಯಕನು ರಾಚಕೊಂಡವನ್ನು ಬಲಪಡಿಸಿದ, ಓರುಗಲ್ಲನ್ನು ಮರಳಿ ಗೆದ್ದಿದ್ದ ಮುಸುನೂರಿ ಕಾಪಯ ನಾಯಕನು ಈ ರಾಚಕೊಂಡದವರೊಡನೆ ನಡೆದ ಯುದ್ಧದಲ್ಲೇ ಮಡಿದ. ಮುಂದೆ ಒಮ್ಮೆ ಬಹಮನಿಗಳ ಜೊತೆ, ಒಮ್ಮೆ ವಿಜಯನಗರದ ಜೊತೆ ನಿಂತು, ಹದಿನೈದನೆಯ ಶತಮಾನದಲ್ಲಿ ರಾಚಕೊಂಡ ಕೈತಪ್ಪಿದಾಗ ಈ ಮನೆತನಗಳ ಹಲವು ಕವಲುಗಳು ದಕ್ಷಿಣಕ್ಕೆ ಸರಿದವು.

ಸರಿದ ಹಾಗೆಲ್ಲ ಇಂಟಿಪೇರು ಬದಲಾಯಿತು. ಕರ್ನೂಲು ಸೀಮೆಯ ವೆಲುಗೋಡಿನಲ್ಲಿ ನೆಲೆಸಿದವರು ವೆಲುಗೋಟಿಯವರಾದರು; ಅವರೇ ಮುಂದೆ ವೆಂಕಟಗಿರಿಯ ರಾಜರು. ವಿಜಯನಗರದ ಕೊನೆಯ ದಿನಗಳನ್ನು ಓದಿದವರಿಗೆ ವೆಲುಗೋಟಿ ಯಾಚಮ ನಾಯಕನ ಪರಿಚಯವಿರುತ್ತದೆ. 1614ರಲ್ಲಿ ಜಗ್ಗರಾಯನು ಚಕ್ರವರ್ತಿ ಶ್ರೀರಂಗನನ್ನು ಮನೆಮಂದಿಯೊಂದಿಗೆ ಕೊಲ್ಲಿಸಿದಾಗ, ಉಳಿದ ಒಬ್ಬನೇ ಹುಡುಗ ರಾಮದೇವನನ್ನು ಕಾಪಾಡಿ, ತೋಪೂರಿನ ಯುದ್ಧದಲ್ಲಿ ಗೆದ್ದು ಪಟ್ಟ ಉಳಿಸಿಕೊಟ್ಟವನು ಅವನು. ಇನ್ನೊಂದು ಕವಲು ಉತ್ತರಾಂಧ್ರಕ್ಕೆ ಹೋಗಿ ಬೊಬ್ಬಿಲಿಯಲ್ಲಿ ನೆಲೆಯಾಯಿತು. ಅವರ ಇಂಟಿಪೇರು ರಾವು. 1757ರ ಜನವರಿ 24ರಂದು ಫ್ರೆಂಚ್ ಸೇನಾನಿ ಬುಸ್ಸಿ ಮತ್ತು ಉತ್ತರಾಂಧ್ರದ ವಿಜಯನಗರಂ ಸಂಸ್ಥಾನದ ಪೂಸಪಾಟಿ ವಿಜಯರಾಮರಾಜನ ಪಡೆಗಳು ಬೊಬ್ಬಿಲಿ ಕೋಟೆಯನ್ನು ಮುತ್ತಿದ ಕಥೆಯನ್ನು ತೆಲುಗು ನಾಡು ಇಂದಿಗೂ ಬುರ್ರಕಥೆಗಳಲ್ಲಿ ಹಾಡುತ್ತದೆ. 1932ರಲ್ಲಿ ಮದ್ರಾಸು ಪ್ರಾಂತದ ಪ್ರಧಾನಿಯಾದ ಜಸ್ಟಿಸ್ ಪಕ್ಷದ ಬೊಬ್ಬಿಲಿ ರಾಜ ಈ ಮನೆತನದವರೇ. ಹೀಗೆ ಗೋತ್ರದಲ್ಲಿ ರೇಚರ್ಲ ಉಳಿಯಿತು, ಹೆಸರಿನ ಮುಂದೆ ಹೊಸ ಊರುಗಳು ಬಂದವು. ಇಂಟಿಪೇರು ಒಂದೇ ಎಂದ ಮಾತ್ರಕ್ಕೆ ವಂಶ ಒಂದೇ ಆಗಬೇಕಿಲ್ಲ, ಬೇರೆ ಎಂದ ಮಾತ್ರಕ್ಕೆ ವಂಶ ಬೇರೆಯೂ ಆಗಬೇಕಿಲ್ಲ.

ಇದರ ಇನ್ನೊಂದು ಮುಖ ಪಿಲ್ಲಲಮರ್ರಿಯಲ್ಲಿ ಕಾಣುತ್ತದೆ. ಸೂರ್ಯಾಪೇಟೆಯ ಬಳಿಯ ಈ ಊರಿನಲ್ಲಿ ರೇಚರ್ಲ ನಾಮಿರೆಡ್ಡಿ ನಾಮೇಶ್ವರ ಗುಡಿಯನ್ನು ಕಟ್ಟಿಸಿದ. ಬೇತಿರೆಡ್ಡಿಯ ಹೆಂಡತಿ ಎರಕಸಾನಿಯ ಹೆಸರಿನಲ್ಲಿ ಎರಕೇಶ್ವರ ಗುಡಿ ಎದ್ದಿತು. ಅದೇ ಊರ ಹೆಸರನ್ನು ಇಂಟಿಪೇರಾಗಿ ಹೊತ್ತ ಪಿಲ್ಲಲಮರ್ರಿ ಪಿನವೀರಭದ್ರನು ಹದಿನೈದನೆಯ ಶತಮಾನದ ಬ್ರಾಹ್ಮಣ ಕವಿ. ನಮ್ಮ ಲಕ್ಷ್ಮೀಶನಂತೆ ಜೈಮಿನಿ ಭಾರತದ ಕಥೆಯನ್ನು ಹಾಡಿ ಸಾಳುವ ನರಸಿಂಹನಿಗೆ ಅರ್ಪಿಸಿದವನು. ಕೇವಲ ಇಂಟಿಪೇರು ಹಿಡಿದು ಹೊರಟರೆ ಈ ಕವಿಯನ್ನೂ ರೇಚರ್ಲ ಸೇನಾನಿಗಳ ವಂಶಕ್ಕೆ ಸೇರಿಸಬೇಕಾದೀತು.

ಹಾಗಿದ್ದರೂ ವಂಶಾವಳಿಗಳು ಇಷ್ಟು ಬಿಗಿಯಾಗಿ, ಇಷ್ಟು ನಿಖರವಾಗಿ ಕಾಣುವುದೇಕೆ? ಅವು ನಮ್ಮ ಕೈಗೆ ಬಂದ ದಾರಿಯಲ್ಲಿ ಇದಕ್ಕೆ ಉತ್ತರವಿದೆ. ಕರ್ನಲ್ ಕಾಲಿನ್ ಮೆಕೆಂಜಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೈಫಿಯತ್ತುಗಳನ್ನೂ, ಎಂದರೆ ಊರ ವೃತ್ತಾಂತದ ಬರಹಗಳನ್ನೂ, ವಂಶಾವಳಿಗಳನ್ನೂ ಊರೂರುಗಳಿಂದ ಸಂಗ್ರಹಿಸಿದ. ಅದೇ ಹೊತ್ತಿಗೆ, 1802ರಲ್ಲಿ, ಮದ್ರಾಸು ಪ್ರಾಂತದ ಜಮೀನುದಾರಿ ಸೀಮೆಗಳಲ್ಲಿ ಕಾಯಂ ಕಂದಾಯ ಪದ್ಧತಿ ಜಾರಿಗೆ ಬಂತು. ಪಾಳೆಯಪಟ್ಟು ತಮ್ಮದೆಂದು ಕಂಪನಿಗೆ ತೋರಿಸಬೇಕಾದ, ದಾಯಾದಿಗಳೊಂದಿಗೆ ಕೋರ್ಟಿನಲ್ಲಿ ಹೊಡೆದಾಡಬೇಕಾದ ಮನೆತನಗಳಿಗೆ ಕಡಿಯದ ವಂಶವೃಕ್ಷವೊಂದು ಆಸ್ತಿಪತ್ರದಷ್ಟೇ ಬೆಲೆಯುಳ್ಳದ್ದಾಯಿತು. ಭಟ್ಟರ ಬಾಯಲ್ಲಿ ಪದ್ಯವಾಗಿದ್ದುದು ತಲೆಮಾರುಗಳ ಅಂಕೆ ಹಾಕಿದ ಪಟ್ಟಿಯಾಯಿತು. ಮುಂದೆ 1871ರಿಂದ ಜನಗಣತಿ ಜಾತಿಗಳನ್ನು ಒಂದರ ಕೆಳಗೊಂದು ಬರೆಯತೊಡಗಿದಾಗ ಜಾತಿಸಂಘಗಳು ಹುಟ್ಟಿ, ಒಬ್ಬೊಬ್ಬ ಅರಸನನ್ನೂ ಒಂದೊಂದು ಜಾತಿಯ ಲೆಕ್ಕಕ್ಕೆ ಬರೆದುಕೊಂಡವು. ತುಳುವ ಕೃಷ್ಣದೇವರಾಯ ನಮ್ಮವನು ಎಂದು ಕನ್ನಡ, ತೆಲುಗು, ತುಳು ನಾಡುಗಳ ಎಷ್ಟು ಸಮುದಾಯಗಳು ಹೇಳುತ್ತವೆ ಎಂಬುದನ್ನು ನೆನೆದರೆ ರೇಚರ್ಲ ರುದ್ರನ ಪಾಡು ತಿಳಿಯುತ್ತದೆ.

ಮತ್ತೆ ಇಂದಿನ ಗಣತಿಗೆ ಬರೋಣ. ಸಮೀಕ್ಷೆಗೆ ಬೇಕಾದುದು ಇವತ್ತು ಒಂದು ಕುಟುಂಬ ಯಾವ ಸಮುದಾಯದೊಳಗೆ ಬದುಕುತ್ತಿದೆ, ಅದರ ಭೂಮಿ, ಓದು, ಉದ್ಯೋಗಗಳ ಸ್ಥಿತಿ ಏನು ಎಂಬ ಮಾಹಿತಿ. ಆ ಪ್ರಶ್ನೆಗೆ ಇಂಟಿಪೇರೂ ಗೋತ್ರವೂ ಉತ್ತರವಾಗಲಾರವು. ವೆಲಮ ಎಂಬ ಜಾತಿಯ ಹೆಸರು ಕೂಡ ತಾನೊಂದೇ ಸಾಲದು. ಪದ್ಮವೆಲಮರು ಮೀಸಲಾತಿಯ ಪಟ್ಟಿಯ ಹೊರಗಿದ್ದರೆ ಉತ್ತರಾಂಧ್ರದ ಕೊಪ್ಪುಲ ವೆಲಮರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದಾರೆ. ಎಣಿಸುವವರು ಜಾತಿ, ಉಪಜಾತಿ, ಗೋತ್ರ, ಮನೆತನದ ಹೆಸರು ಎಂಬ ನಾಲ್ಕನ್ನು ಬಿಡಿಬಿಡಿಯಾಗಿ ಕೇಳದೆ ಹೋದರೆ 2011ರ ಗೊಂದಲ ಮರುಕಳಿಸುತ್ತದೆ. ಬೆಡಗು, ಬಳಿ, ಅಡ್ಡಹೆಸರುಗಳನ್ನು ಜಾತಿಯೊಂದಿಗೆ ಬೆರೆಸುವ ಅಭ್ಯಾಸ ನಮ್ಮ ನಾಡಿನಲ್ಲಿಯೂ ಇರುವುದರಿಂದ ಈ ಮಾತು ಕರ್ನಾಟಕಕ್ಕೂ ಅಷ್ಟೇ ಅನ್ವಯಿಸುತ್ತದೆ.

ತಮ್ಮ ಮನೆತನದ ಹೆಸರಿನ ಮೂಲ ಹುಡುಕುವ ಆಸೆ ತಪ್ಪಲ್ಲ. ಆ ಆಸೆಯಿಂದಲೇ ಎಷ್ಟೋ ಶಾಸನಗಳು ಮುಳ್ಳುಕಂಟಿಯಿಂದ ಹೊರಬಂದಿವೆ. ಹುಡುಕುವವರು ಊರಿನಿಂದ ಆರಂಭಿಸಲಿ, ಅಲ್ಲಿಯ ಕೆರೆ, ಗುಡಿ, ಕೈಫಿಯತ್ತು, ಇನಾಮು ದಾಖಲೆಗಳನ್ನು ನೋಡಲಿ, ದೊರೆಯ ಹೆಸರಿನಿಂದ ಹಿಂದಕ್ಕೆ ಎಣಿಸುತ್ತ ಬರುವ ದಾರಿಯನ್ನು ಬಿಡಲಿ. ರೇಚರ್ಲದ ವಿಷಯದಲ್ಲಿ ಹಾಗೆ ಹೊರಟವರು ಆಮನಗಲ್ಲಿನ ರೆಡ್ಡಿ, ನಾಯಕರ ಮನೆಗಳಲ್ಲಿ ವಿಚಾರಿಸಿದಷ್ಟೇ ಶ್ರದ್ಧೆಯಿಂದ ಆ ಸೀಮೆಯ ಮಾಲರ ಕೇರಿಗಳಲ್ಲಿಯೂ ವಿಚಾರಿಸಬೇಕು. ರೇಚಡುವಿನ ಷರತ್ತನ್ನು ಇಲ್ಲಿಯವರೆಗೆ ನಾವು ಓದಿರುವುದು ಒಡೆಯರ ಕಡೆಯವರು ಬರೆಸಿದ ಪುಸ್ತಕದಲ್ಲಿ. ತಮ್ಮ ಮದುವೆ ಮೊದಲು ನಡೆಯಬೇಕೆಂಬ ಮಾತನ್ನು ಆ ಕೇರಿಗಳ ಹಿರಿಯರು ಹೇಗೆ ಹೇಳುತ್ತಾರೆ, ರೇಚಡುವಿಗೆ ಅವರ ಹಾಡಿನಲ್ಲಿ ಯಾವ ಸ್ಥಾನವಿದೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ ಈ ಹೆಸರಿನ ಇತಿಹಾಸಕ್ಕೆ ಇನ್ನೂ ಸೇರಬೇಕಾಗಿದೆ.